ಉಳಿದುಕೊಂಡ ಗಾನಮಂದಿರ

ನ್ಯೂಯಾರ್ಕ್ ನಗರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಗಿಲು ಮುಟ್ಟುವ ಸೌಧಗಳ ಚಿತ್ರ. ಅವುಗಳ ನಡುವೆ, ಏಳನೆಯ ಹೆದ್ದಾರಿಯೂ ಐವತ್ತೇಳನೆಯ ಬೀದಿಯೂ ಕೂಡುವ ಮೂಲೆಯಲ್ಲಿ, ಕಂದು ಬಣ್ಣದ ಇಟ್ಟಿಗೆಯ ಹಳೆಯ ಭವನವೊಂದು ನಿಂತಿದೆ. ಲೋಕವಿಖ್ಯಾತವಾದ ಕಾರ್ನೆಗಿ ಹಾಲ್ ಎಂಬುದು ಇದೇ.

ಉಕ್ಕಿನ ಉದ್ಯಮದಿಂದ ಅಪಾರ ಧನವನ್ನು ಗಳಿಸಿದ ಆಂಡ್ರೂ ಕಾರ್ನೆಗಿಯು ಇದನ್ನು ಕಟ್ಟಿಸಿದನು. ವಿನೋದವೇನೆಂದರೆ, ಉಕ್ಕಿನ ದೊರೆಯ ಈ ಮೂಲಭವನಕ್ಕೆ ಉಕ್ಕಿನ ಹಂದರವಿಲ್ಲ. ಭಾರವನ್ನೆಲ್ಲ ಹೊತ್ತಿರುವುವು ದಪ್ಪನಾದ ಗೋಡೆಗಳೇ. ಶಿಲ್ಪಿಯಾದ ವಿಲಿಯಂ ಟತಿಲ್ ಸ್ವತಃ ಚೆಲ್ಲೋ ವಾದ್ಯವನ್ನು ನುಡಿಸಬಲ್ಲವನಾಗಿದ್ದನು. 1891ನೆಯ ಮೇ 5ರಂದು ನಡೆದ ಪ್ರಾರಂಭೋತ್ಸವಕ್ಕೆ ರಷ್ಯಾದೇಶದ ಚೈಕೋವ್‌ಸ್ಕಿಯು ಬಂದು ತನ್ನ ಕೃತಿಯೊಂದನ್ನು ತಾನೇ ನಿಂತು ನಡೆಸಿಕೊಟ್ಟನು. 1893ರಲ್ಲಿ ದ್ವೋರ್ಜಾಕನ ‘ನವಲೋಕ’ ಸಿಂಫೊನಿಯು ಮೊದಲು ಕೇಳಿಬಂದದ್ದೂ ಇಲ್ಲಿಯೇ.

ಇಂತಹ ಮಂದಿರಕ್ಕೂ ಗಂಡಾಂತರ ತಪ್ಪಲಿಲ್ಲ. ಕಾರ್ನೆಗಿಯ ಪತ್ನಿಯು 1925ರಲ್ಲಿ ಅದನ್ನು ಮಾರಿದಳು. ಮುಂದೆ, ಅಲ್ಲಿಯೇ ನೆಲೆಸಿದ್ದ ನಗರದ ಪ್ರಸಿದ್ಧ ವಾದ್ಯಮೇಳವು ಹೊಸ ಭವನಕ್ಕೆ ಹೊರಡಲು ನಿಶ್ಚಯಿಸಿತು. ಬಾಡಿಗೆದಾರರು ಹೋದ ಮೇಲೆ ಹಳೆಯ ಮನೆಯಿಂದ ಲಾಭವೇನು? ಅದನ್ನು ಕೆಡವಿ ಬಹು ಅಂತಸ್ತಿನ ಕಚೇರಿಗಳ ಗೋಪುರವನ್ನೆಬ್ಬಿಸುವ ಹಂಚಿಕೆ ನಡೆಯಿತು. ಆಗ ಪಿಟೀಲು ವಿದ್ವಾಂಸನಾದ ಐಸಾಕ್ ಸ್ಟರ್ನನು ಮಿತ್ರರನ್ನು ಕೂಡಿಸಿಕೊಂಡು ಅಧಿಕಾರಿಗಳ ಬಾಗಿಲುಗಳನ್ನು ತಟ್ಟಿದನು. ಅದರ ಫಲವಾಗಿ ಶಾಸನವು ಹೊರಟು, 1960ರಲ್ಲಿ ನಗರವೇ ಐವತ್ತು ಲಕ್ಷ ಡಾಲರುಗಳಿಗೆ ಕಟ್ಟಡವನ್ನು ಕೊಂಡಿತು. ಅಂದಿನಿಂದ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದು ಅದನ್ನು ನಡೆಸುತ್ತಿದೆ.

ಹಳೆಯದನ್ನು ಉಳಿಸಿದರೆ ಸಾಲದು, ಜೋಪಾನವನ್ನೂ ಅರಿಯಬೇಕು. 1986ರ ಜೀರ್ಣೋದ್ಧಾರದ ತರುವಾಯ ನಾದದ ಇಂಪು ಕುಂದಿತೆಂದು ಕೆಲವು ರಸಿಕರು ದೂರಿದರು. 1995ರಲ್ಲಿ ವೇದಿಕೆಯ ಹಲಗೆಗಳನ್ನು ಕಿತ್ತು ನೋಡಲಾಗಿ, ಅಡಿಯಲ್ಲಿ ಕಾಂಕ್ರೀಟು ದೊರೆಯಿತು! ಅದನ್ನು ತೆಗೆಸಿ ಮರದ ಹೊಸ ನೆಲವನ್ನು ಹಾಸಿದರು.

ಇಂದು ಅಲ್ಲಿ ಮೂರು ಸಭಾಂಗಣಗಳಿವೆ. ಸ್ಟರ್ನನ ಹೆಸರನ್ನು ಹೊತ್ತಿರುವ ದೊಡ್ಡದರಲ್ಲಿ ಸುಮಾರು 2,800 ಮಂದಿ ಕುಳಿತುಕೊಳ್ಳಬಹುದು; ಅದರ ತುತ್ತತುದಿಯ ಪೀಠಗಳಿಗೆ ಹೋಗಬೇಕಾದವರು 137 ಮೆಟ್ಟಿಲುಗಳನ್ನು ಹತ್ತಬೇಕು. ನೆಲದಡಿಯ ಸಭಾಂಗಣವೊಂದು 2003ರಲ್ಲಿ ತೆರೆಯಿತು. ಮೇಲಿನ ಅಂತಸ್ತುಗಳಲ್ಲಿ 2014ರಿಂದ ಸಂಗೀತಶಿಕ್ಷಣಕ್ಕೆಂದು ಕೊಠಡಿಗಳಿವೆ. ನಮ್ಮ ಸಂಗೀತಕ್ಕೂ ಈ ವೇದಿಕೆಯು ಅಪರಿಚಿತವಲ್ಲ: ಎಂ. ಎಸ್. ಸುಬ್ಬುಲಕ್ಷ್ಮಿಯವರು 1977ರಲ್ಲಿ ಇಲ್ಲಿ ಹಾಡಿದರು.

ಈ ಭವನವನ್ನು ಕಟ್ಟಿಸಿದುದು ಧನಿಕನ ಔದಾರ್ಯ; ಉಳಿಸಿದುದಾದರೋ ರಸಿಕರ ಹಟ. ನಮ್ಮ ಊರುಗಳ ಹಳೆಯ ಸಭಾಮಂದಿರಗಳನ್ನು ಕಂಡಾಗ ಈ ಮಾತು ನಮಗೂ ನೆನಪಿಗೆ ಬರಲಿ.