ಹೆಸರು ಬಿಟ್ಟವರು, ಹೆಸರು ಉಳಿಸಿಕೊಂಡವರು

ಹೆಸರುಗಳಲ್ಲಿ ಎರಡು ಬಗೆ. ಹೆತ್ತವರು ಹರಸಿ ಇಟ್ಟದ್ದು ಒಂದು, ಊರವರು ಗೇಲಿಗೆ ಇಟ್ಟದ್ದು ಇನ್ನೊಂದು. ಬಹುಕಾಲ ಬಾಳುವುದು ಎರಡನೆಯದೇ. ಮೆಥಡಿಸ್ಟ್ ಎಂಬುದು ಅಂಥ ಹೆಸರು. 1730ರ ಆಸುಪಾಸಿನಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಪ್ರಾರ್ಥನೆಗೊಂದು ಹೊತ್ತು, ಉಪವಾಸಕ್ಕೊಂದು ದಿನ, ಸೆರೆಮನೆಯವರನ್ನು ನೋಡಿಬರಲು ಇನ್ನೊಂದು ದಿನ ಎಂದು ಕಟ್ಟುನಿಟ್ಟಾಗಿ ನಡೆಯುತ್ತಿದ್ದರಂತೆ. ಅದನ್ನು ಕಂಡ ಜೊತೆಯವರು 'ಪದ್ಧತಿಯವರು' ಎಂದು ನಕ್ಕರು. ನಕ್ಕವರು ಯಾರೆಂದು ಇಂದು ಯಾರಿಗೂ ನೆನಪಿಲ್ಲ. ಅವರಿಟ್ಟ ಹೆಸರು ಮಾತ್ರ ಹೆಬ್ಬಾಳದಾಚೆಯ ನಮ್ಮ ಸಭೆಯ ಬೋರ್ಡಿನ ಮೇಲೂ ಇದೆ.

ಈ ಹೆಸರಿನ ಬಗ್ಗೆ ನಮ್ಮ ಮನೆಯಲ್ಲೊಂದು ಸಣ್ಣ ಜಗಳವಿದೆ. ನಮ್ಮ ತಂದೆಯ ಕಡೆಯವರು ತುಮಕೂರು ಸೀಮೆಯ ವೆಸ್ಲಿಯನ್ ಮಿಷನ್ನಿನವರು. ನನ್ನ ಹೆಂಡತಿಯ ಕಡೆಯವರು ಬೀದರಿನ ಮೆಥಡಿಸ್ಟರು. ಎರಡೂ ಒಂದೇ ಅಲ್ಲವೇ ಎಂದರೆ ಮಾವನವರು, "ಹೆಂಗ ಒಂದೇ ಆಗ್ತಾವ್ರಿ? ನೀವು ಹೆಸರು ಬಿಟ್ರಿ, ನಾವು ಬಿಟ್ಟಿಲ್ಲ" ಎನ್ನುತ್ತಾರೆ.

ಅವರ ಮಾತು ಸುಳ್ಳಲ್ಲ. ಇಂಗ್ಲೆಂಡಿನ ವೆಸ್ಲಿಯನ್ನರು ಬೆಂಗಳೂರಿಗೆ ಬಂದದ್ದು 1820ರ ದಶಕದಲ್ಲಿ. ಗುಬ್ಬಿ, ತುಮಕೂರು, ಮೈಸೂರು ಎಂದು ಅವರ ಕೆಲಸ ಹಳೆಯ ಮೈಸೂರು ಸೀಮೆಯಲ್ಲಿ ಹರಡಿತು. ಅಮೆರಿಕದ ಮೆಥಡಿಸ್ಟರು 1784ರಲ್ಲೇ ತಮ್ಮದೇ ಸಭೆ ಕಟ್ಟಿಕೊಂಡು ಬೇರೆಯಾಗಿದ್ದವರು. ಅವರ ಕಡೆಯ ವಿಲಿಯಂ ಟೇಲರ್ 1874ರಲ್ಲಿ ಬೆಂಗಳೂರಿನಲ್ಲಿ ಪ್ರಸಂಗ ಮಾಡಿದ್ದು ಇಂಗ್ಲಿಷ್ ಬಲ್ಲವರಿಗೆ. 1880ರ ಬಾಲ್ಡ್‌ವಿನ್ ಶಾಲೆಗಳು ಆ ಕವಲಿನವು. ಆಮೇಲೆ ಅವರು ಕೋಲಾರ, ಬೆಳಗಾವಿ, ರಾಯಚೂರು, ನಿಜಾಮನ ಸೀಮೆಯಲ್ಲಿದ್ದ ಬೀದರ್‌ಗಳಲ್ಲಿ ನೆಲೆಯೂರಿ ಕನ್ನಡದವರಾದರು.

ನಮ್ಮ ಕಡೆಯವರಿಗೆ ಕೂಡಿ ಕೆಲಸ ಮಾಡುವ ಅಭ್ಯಾಸ ಮೊದಲಿನಿಂದಲೂ ಇತ್ತು. ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ ಇಂದಿಗೂ ಇರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು 1910ರಲ್ಲಿ ಹಲವು ಮಿಷನ್ನುಗಳ ಜೊತೆ ಸೇರಿಯೇ ಆರಂಭಿಸಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಯವರೊಂದಿಗೆ ಒಂದಾಗಿ ದಕ್ಷಿಣ ಭಾರತ ಸಭೆಯಾದರು. ಹಳೆಯ ಹೆಸರು ಅಲ್ಲಿಗೆ ಮುಗಿಯಿತು. ಬೀದರಿನವರು ಸೇರಲಿಲ್ಲ. ಅವರ ಸಭೆ 1981ರಲ್ಲಿ ಅಮೆರಿಕದ ಹಂಗು ಬಿಟ್ಟು, ಹೆಸರು ಬಿಡದೆ, ಭಾರತದ ಮೆಥಡಿಸ್ಟ್ ಸಭೆಯಾಯಿತು.

ನಾನು ಮಾವನವರಿಗೆ ಹೇಳುವುದಿಷ್ಟು: ವೆಸ್ಲಿಯವರು 1791ರಲ್ಲಿ ತೀರಿಕೊಳ್ಳುವವರೆಗೂ ಆಂಗ್ಲಿಕನ್ ಪಾದ್ರಿಯಾಗಿಯೇ ಇದ್ದರು, ಹಾಗಿರುವಾಗ ನಾವು ಹೆಸರು ಬಿಟ್ಟದ್ದು ಮಗ ಮನೆಗೆ ಮರಳಿದ ಹಾಗೆ. ಮಾವನವರ ಉತ್ತರ ನನ್ನ ಬಾಯಿ ಕಟ್ಟುತ್ತದೆ: "ಹೆಸರು ಬಿಡಬೇಕಂದ್ರ ಮೊದಲು ಹೆಸರು ಇರಬೇಕಲ್ರಿ. ನಮ್ಮಜ್ಜನ ಹೆಸರು ಮೊದಲು ಬರೆದದ್ದು ಸಭೆಯ ರಿಜಿಸ್ಟ್ರಿನಾಗ. ಪಹಣಿಯೊಳಗ ಅಲ್ಲ."

ಮದುವೆಯಾದ ಮೇಲೆ ನಾನು ಹೆಂಡತಿಯ ಸಭೆಗೇ ಹೋಗುತ್ತಿದ್ದೇನೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಿಗೆ ಕಟ್ಟಡಗಳೆದ್ದವು. ಅವನ್ನು ಕಟ್ಟಲು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಜನ ಬಂದರು. ಆ ಕಟ್ಟಡಗಳಲ್ಲಿ ವಾಸಿಸಲು ಬೇರೆ ಜನ ಬಂದರು. ನಮ್ಮ ಸಭೆಯಲ್ಲಿ ಇಬ್ಬರೂ ಇದ್ದಾರೆ. ಗಾರೆ ಕೆಲಸದವರು ಹಿಂದಿನ ಬೆಂಚುಗಳಲ್ಲಿ, ಕಾರಿನವರು ಮುಂದೆ. ಹೀಗೆ ಕೂರಿ ಎಂದು ಯಾರೂ ಹೇಳಿಲ್ಲ. ಹೇಳದೆಯೇ ಆಗುವ ಕೆಲಸಗಳಲ್ಲಿ ಇದೂ ಒಂದು.

ಎರಡು ವರ್ಷದ ಕೆಳಗೆ ಕಮಿಟಿಯಲ್ಲಿ ಒಂದು ಮಾತು ಬಂತು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷ್ ಆರಾಧನೆ ಇಲ್ಲದಿದ್ದರೆ ಬೇರೆ ಸಭೆಗೆ ಹೋಗಿಬಿಡುತ್ತಾರೆ. ಆದ್ದರಿಂದ ಒಂಬತ್ತು ಗಂಟೆ ಇಂಗ್ಲಿಷಿಗೆ ಇರಲಿ, ಕನ್ನಡದ್ದನ್ನು ಬೆಳಿಗ್ಗೆ ಆರೂವರೆಗೆ ಇಡೋಣ ಎಂದು. ಮಕ್ಕಳ ವಿಷಯ ನಿಜವೇ. ಆದರೆ ಶೆಡ್ಡುಗಳಿಗೆ ನೀರಿನ ಟ್ಯಾಂಕರು ಬರುವುದೂ ಆರೂವರೆಗೇ. ನೀರು ಬಿಟ್ಟು ಕೀರ್ತನೆ ಹಾಡಲು ಯಾವ ತಾಯಿ ಬಂದಾಳು?

ಇಂಗ್ಲಿಷ್ ಆರಾಧನೆ ನಮಗೇನು ಹೊಸತಲ್ಲ; ಟೇಲರ್ ಅವರದೇ ಅದು. ಆದರೆ ಕನ್ನಡವೂ ಬಿಟ್ಟಿ ಬಂದದ್ದಲ್ಲ. ಸಮುದ್ರ ದಾಟಿ ಬಂದ ವೆಸ್ಲಿಯನ್ ಡೇನಿಯಲ್ ಸ್ಯಾಂಡರ್ಸನ್ ನಮ್ಮ ಲಕ್ಷ್ಮೀಶನ ಜೈಮಿನಿ ಭಾರತವನ್ನು 1852ರಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದರು, 1858ರಲ್ಲಿ ರೀವ್ ಅವರ ನಿಘಂಟನ್ನು ತಿದ್ದಿ ಬೆಳೆಸಿದರು. ಥಾಮಸ್ ಹಾಡ್ಸನ್ 1859ರಲ್ಲಿ ಕನ್ನಡ ವ್ಯಾಕರಣ ಬರೆದರು. ಮೈಸೂರಿನಲ್ಲಿ 1887ರಿಂದ ಇವರ 'ವೃತ್ತಾಂತ ಪತ್ರಿಕೆ' ನಡೆಯಿತು. ಪರಭಾಷೆಯವರು ಇಷ್ಟು ಕಷ್ಟಪಟ್ಟು ಕಲಿತ ಮಾತು, ಅದನ್ನೇ ಆಡುವವರಿಗೆ ಒಂಬತ್ತು ಗಂಟೆಗೆ ಸಿಗದೆ ಹೋಗಬೇಕೆ ಎಂದು ನಾನು ಕಮಿಟಿಯಲ್ಲಿ ಕೇಳಿದೆ.

ನನ್ನ ಹೆಂಡತಿ ಇನ್ನೂ ಹಿಂದಕ್ಕೆ ಹೋದಳು. ದೇವಾಲಯಗಳ ಬಾಗಿಲು ಒಂದೊಂದಾಗಿ ಮುಚ್ಚತೊಡಗಿದಾಗ ವೆಸ್ಲಿಯವರು 1739ರ ಏಪ್ರಿಲ್ 2ರಂದು ಬ್ರಿಸ್ಟಲಿನ ಹೊರಗೆ ಇಟ್ಟಿಗೆ ಕೊಯ್ಯುವ ಬಯಲಿನಲ್ಲಿ ನಿಂತು ಪ್ರಸಂಗ ಮಾಡಿದರು. ಕೆಲವೇ ದಿನಗಳಲ್ಲಿ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯವರ ಬಳಿಗೆ ಹೋದರು. 1742ರಲ್ಲಿ ಬ್ರಿಸ್ಟಲಿನ ಕಟ್ಟಡದ ಸಾಲ ತೀರಿಸಲು, ಒಬ್ಬೊಬ್ಬರು ವಾರಕ್ಕೊಂದು ಪೆನ್ನಿ ಕೊಡಲಿ, ಹನ್ನೆರಡು ಜನಕ್ಕೊಬ್ಬ ಮುಂದಾಳು ಇರಲಿ ಎಂದಾಯಿತು. ಕೊಡಲಾಗದ ಬಡವರ ಪಾಲನ್ನು ಮುಂದಾಳೇ ತುಂಬಬೇಕು. ಅವನು ವಾರವಾರ ಮನೆಗೆ ಹೋದಾಗ ಕಂಡದ್ದು ಕಾಸು ಮಾತ್ರವಲ್ಲ. ಕಾಯಿಲೆ, ಕುಡಿತ, ಜಗಳ, ಹಸಿವು ಎಲ್ಲವೂ. ಸಾಲ ವಸೂಲಿಗೆ ಶುರುವಾದ ಈ 'ಕ್ಲಾಸು' ಹೀಗೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ವ್ಯವಸ್ಥೆಯಾಯಿತು. "ಇದೇ ನಮ್ಮ ಪದ್ಧತಿ. ಇದು ಹೋದರೆ ಬೋರ್ಡಿನ ಮೇಲಿನ ಹೆಸರು ಯಾತಕ್ಕೆ?" ಎಂದಳು.

ಮೂರು ಮೀಟಿಂಗು, ಒಂದಿಷ್ಟು ಮುನಿಸು. ಕೊನೆಗೆ ಕನ್ನಡ ಒಂಬತ್ತಕ್ಕೇ ಉಳಿಯಿತು, ಇಂಗ್ಲಿಷ್ ಹನ್ನೊಂದಕ್ಕೆ ಬಂತು. ಎರಡು ಕುಟುಂಬಗಳು ಬೇರೆ ಸಭೆಗೆ ಹೋದವು. ಅದರ ಬೇಸರ ನಮಗೆ ಈಗಲೂ ಇದೆ. ಜೊತೆಗೆ ಸಭೆಯನ್ನೆಲ್ಲ ಹನ್ನೆರಡು ಹನ್ನೆರಡು ಮನೆಗಳ ಗುಂಪುಗಳಾಗಿ ವಿಂಗಡಿಸಿದೆವು. ಶೆಡ್ಡು, ಫ್ಲಾಟು ಬೆರೆತೇ ಇರಬೇಕೆಂದು ಅಯ್ಯನವರು ಪಟ್ಟು ಹಿಡಿದರು.

ನಮ್ಮ ಗುಂಪಿನ ಮುಂದಾಳು ಔರಾದ್ ಕಡೆಯ ಒಬ್ಬ ಗೌಂಡಿ. ತಾನೇ ಗೋಡೆ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಗುಂಪಿನ ಒಂದು ಮನೆಯಿದೆ. ತಿಂಗಳಿಗೆರಡು ಸಲ ಅಲ್ಲಿಗೆ ಹೋದಾಗಲೆಲ್ಲ ಕಾವಲಿನವನು ಗೇಟಿನಲ್ಲಿ ತಡೆದು ಪುಸ್ತಕ ಮುಂದಿಡುತ್ತಾನೆ. ಹೆಸರಿನ ಕೆಳಗೆ, ಯಾವ ಕಂಪನಿ ಎಂಬ ಕಡೆ, ಈತ ನಿಧಾನವಾಗಿ ಕನ್ನಡದಲ್ಲಿ ಬರೆಯುತ್ತಾನೆ: ಮೆಥಡಿಸ್ಟ್.