ಒಂದೇ ಮನೆಯ ಎರಡು ‘ರಿಫಾ’ಗಳು

ಕೆಲವು ವರ್ಷಗಳ ಹಿಂದೆ ನಮ್ಮ ಡೊಂಬಿವಲಿಯ ಮನೆಯಲ್ಲಿ ಇಬ್ಬರು ಏಕಕಾಲಕ್ಕೆ ‘ರಿಫಾ’ ಎಂದು ಶುರುವಾಗುವ ಮಾತ್ರೆ ನುಂಗುತ್ತಿದ್ದರು. ನನ್ನ ತಮ್ಮನಿಗೆ ಕ್ಷಯ, ಅವನದು ರಿಫಾಂಪಿಸಿನ್. ನಮ್ಮ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಲಿವರ್ ಸಿರೋಸಿಸ್. ಅವರದು ರಿಫಾಕ್ಸಿಮಿನ್. ಒಬ್ಬನ ಒಳ್ಳೆಯ ಲಿವರ್ ಮಾತ್ರೆಯಿಂದ ಕೆಟ್ಟಿತು. ಇನ್ನೊಬ್ಬರಿಗೆ ಕೆಟ್ಟ ಲಿವರಿನ ಜೊತೆ ದಿನ ಕಳೆಯಲು ಅದೇ ವಂಶದ ಮಾತ್ರೆ ಊರುಗೋಲಾಯಿತು. ಹೆಸರು ಅಡ್ಡಾದಿಡ್ಡಿಯಾದೀತೆಂದು ನನ್ನ ಹೆಂಡತಿ ಎರಡು ಬೇರೆ ಡಬ್ಬಿ ಮಾಡಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ಇಬ್ಬರ ಹೆಸರು ಬರೆದಿಟ್ಟಿದ್ದಳು.

ಈ ವಂಶದ ಹುಟ್ಟಿನ ಕಥೆ ಸ್ವಾರಸ್ಯದ್ದು. 1957ರಲ್ಲಿ ಇಟಲಿಯ ಮಿಲಾನಿನ ಲೆಪೆಟಿಟ್ ಕಂಪನಿಯ ಪ್ರಯೋಗಶಾಲೆಯಲ್ಲಿ, ಫ್ರಾನ್ಸಿನ ಕಡಲತೀರದ ಪೈನ್ ಕಾಡಿನಿಂದ ತಂದ ಮಣ್ಣಿನ ಒಂದು ಸೂಕ್ಷ್ಮಜೀವಿಯಲ್ಲಿ ರಿಫಾಮೈಸಿನ್ ಸಿಕ್ಕಿತು. ಆಗ ಜನಪ್ರಿಯವಾಗಿದ್ದ ‘ರಿಫಿಫಿ’ ಎಂಬ ಕಳ್ಳತನದ ಸಿನಿಮಾದ ಹೆಸರನ್ನು ಅಲ್ಲಿನವರು ತಮಾಷೆಗೆ ಇಟ್ಟರು, ಅದೇ ತಿದ್ದಿಕೊಂಡು ನಿಂತಿತು. ಅದನ್ನು ಬಾಯಿಯಿಂದ ನುಂಗುವಂತೆ ಮಾರ್ಪಡಿಸಿದ್ದು ರಿಫಾಂಪಿಸಿನ್. ಕ್ಷಯದ ಚಿಕಿತ್ಸೆ ಒಂದೂವರೆ ಎರಡು ವರ್ಷದಿಂದ ಆರು ತಿಂಗಳಿಗೆ ಇಳಿಯಲು ಮುಖ್ಯ ಕಾರಣಗಳಲ್ಲಿ ಇದೂ ಒಂದು. ಹಾಗಾಗಿ ಮುಂದೆ ನಾನು ಬರೆಯುವುದನ್ನು ಓದಿ ಯಾರೂ ಈ ಮಾತ್ರೆಯನ್ನು ವೈರಿ ಎಂದುಕೊಳ್ಳಬಾರದು.

ತಮ್ಮ ಕುಂದಾಪುರದ ಕಡೆಯಿಂದ ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲುಗಳಲ್ಲೇ ಬೆಳೆದವನು. ಗಿರಾಕಿಗಳೆಲ್ಲ ಹೋದ ಮೇಲೆ ಮಾಳಿಗೆಯಲ್ಲಿ ಎಂಟು ಹತ್ತು ಜನ ಒತ್ತೊತ್ತಾಗಿ ಮಲಗುವುದು, ಒಂದೇ ಕಿಟಕಿ, ಅದೂ ಮಳೆಗಾಲದಲ್ಲಿ ಮುಚ್ಚಿದ್ದು. ಕ್ಷಯ ಯಾರಿಂದ ಬಂತೆಂದು ಹುಡುಕುವುದರಲ್ಲಿ ಅರ್ಥವಿರಲಿಲ್ಲ. ಕಫದ ಪರೀಕ್ಷೆಯಾಗಿ ಸರಕಾರಿ ಕೇಂದ್ರದಲ್ಲಿ ಪುಕ್ಕಟೆ ಔಷಧ ಶುರುವಾಯಿತು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ನಾಲ್ಕೂ ಸೇರಿದ ಒಂದೇ ಮಾತ್ರೆ. ತೂಕ ನೋಡಿ ಸಂಖ್ಯೆ. ಅವನು 52 ಕಿಲೋ, ದಿನಕ್ಕೆ ನಾಲ್ಕು. ನಮ್ಮ ಮನೆಗೇ ಕರೆದುಕೊಂಡು ಬಂದೆವು.

ಮೊದಲ ದಿನವೇ ಬಚ್ಚಲಿನಿಂದ ಕೂಗಿದ, “ಅಣ್ಣಾ, ಇದೆಂತ ಬಣ್ಣ ಮಾರಾಯ!” ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಕೇಂದ್ರದ ಸಿಸ್ಟರ್ ಹೇಳಿಯೇ ಕಳಿಸಿದ್ದರು: ರಿಫಾಂಪಿಸಿನ್ನಿನ ಸ್ವಂತ ಬಣ್ಣವೇ ಅದು, ಮೂತ್ರ, ಬೆವರು, ಕಣ್ಣೀರಿಗೂ ಬರುತ್ತದೆ, ಹೆದರಬೇಡಿ. ಹೆದರಲಿಲ್ಲ. ಆದರೆ ಈ ಬಣ್ಣದೊಳಗೇ ಒಂದು ಆಪತ್ತು ಅಡಗಿರುತ್ತದೆ. ಈ ಬರಹದ ಮುಖ್ಯ ಸಂಗತಿ ಅದೇ.

ಐದನೇ ವಾರದ ಹೊತ್ತಿಗೆ ತಮ್ಮನಿಗೆ ಊಟ ಬೇಡವಾಯಿತು. ಬಂಗುಡೆ ಸಾರಿನ ಪರಿಮಳಕ್ಕೆ ಬೇರೆ ಕೋಣೆಯಿಂದ ಎದ್ದು ಬರುತ್ತಿದ್ದವನು ಅದೇ ವಾಸನೆಗೆ ವಾಂತಿ ಮಾಡತೊಡಗಿದ. ಹತ್ತಿರದ ಖಾಸಗಿ ವೈದ್ಯರೊಬ್ಬರು ಹೊಟ್ಟೆ ಮುಟ್ಟಿಯೂ ನೋಡದೆ, “ಟಿಬಿ ಮಾತ್ರೆಗೆ ಎಲ್ಲರಿಗೂ ಆಸಿಡಿಟಿ ಆಗುತ್ತದೆ” ಎಂದು ಗ್ಯಾಸಿನ ಗುಳಿಗೆ ಬರೆದುಕೊಟ್ಟರು. ಊರಿನಿಂದ ಅಮ್ಮನ ಫೋನು: “ಕಾಮಾಲೆಯಾ ನೋಡು, ಮೂತ್ರದಲ್ಲಿ ನಾಲ್ಕು ಅಗುಳು ಅನ್ನ ಹಾಕಿಡು, ಹಳದಿಯಾದರೆ ಕಾಮಾಲೆಯೇ.” ನಮ್ಮ ಕಡೆಯ ಹಳೆಯ ಪರೀಕ್ಷೆ ಇದು. ರಿಫಾಂಪಿಸಿನ್ ನುಂಗಿದವನ ಮೂತ್ರದಲ್ಲಿ ಅನ್ನ ಹಾಕಿದರೆ ಎಂಥ ಗಟ್ಟಿ ಲಿವರಿನವನಿಗೂ ಬಣ್ಣ ಹತ್ತೀತು! ಕಾಮಾಲೆಯ ಮೊದಲ ಗುರುತೆಂದು ನಾವು ನೋಡುವುದೇ ಮೂತ್ರದ ಬಣ್ಣವನ್ನು. ಆ ಗುರುತನ್ನೇ ಈ ಮಾತ್ರೆ ಮುಚ್ಚಿಬಿಡುತ್ತದೆ. ಆಮೇಲೆ ಉಳಿಯುವುದು ಹಸಿವು ಸಾಯುವುದು, ವಾಂತಿ, ವಿಪರೀತ ಸುಸ್ತು, ಬಲ ಪಕ್ಕೆಯ ಕೆಳಗಿನ ನೋವು, ಮತ್ತೆ ಕಣ್ಣಿನ ಬಿಳಿಭಾಗ. ಕಣ್ಣನ್ನು ಟ್ಯೂಬ್‌ಲೈಟಿನಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಹಗಲು ಬೆಳಕಿಗೆ ನಿಲ್ಲಿಸಬೇಕು. ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಹೆಂಡತಿ ಅವನ ರೆಪ್ಪೆ ಎತ್ತಿ ನೋಡಿದಳು. ಅರಿಶಿನ.

ಮರುದಿನ ರಕ್ತ ಕೊಟ್ಟೆವು. ನಲವತ್ತರ ಆಸುಪಾಸು ಇರಬೇಕಾದ ಎಎಲ್‌ಟಿ 412. ಒಂದರ ಒಳಗಿರಬೇಕಾದ ಬಿಲಿರುಬಿನ್ 4.2. ಕೇಂದ್ರದ ವೈದ್ಯರು ಕಾಗದ ನೋಡಿದವರೇ ಎಲ್ಲ ಮಾತ್ರೆ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ವಾಂತಿ, ಕಾಮಾಲೆಯಂಥ ಲಕ್ಷಣ ಇದ್ದು ಎಎಲ್‌ಟಿ ಮೂರು ಪಟ್ಟು ದಾಟಿದರೆ, ಲಕ್ಷಣ ಇಲ್ಲದಿದ್ದರೂ ಐದು ಪಟ್ಟು ದಾಟಿದರೆ ನಿಲ್ಲಿಸಬೇಕೆಂಬುದು ಅವರ ಲೆಕ್ಕ. ಅದಕ್ಕಿಂತ ಸ್ವಲ್ಪ ಏರಿದರೆ ಅನೇಕರಲ್ಲಿ ಔಷಧ ನಡೆಯುತ್ತಿರುವಾಗಲೇ ಅದು ಇಳಿಯುತ್ತದಂತೆ. ಇನ್ನೊಂದು ವಿಷಯವನ್ನೂ ಅವರು ಹೇಳಿದರು: ಬಿಲಿರುಬಿನ್ ಲಿವರಿನಿಂದ ಹೊರಗೆ ಹೋಗುವ ಬಾಗಿಲಲ್ಲಿ ರಿಫಾಂಪಿಸಿನ್ ತಾನೂ ನುಗ್ಗಾಡುತ್ತದೆ. ಅದರಿಂದ ಶುರುವಿನ ದಿನಗಳಲ್ಲಿ ಬಿಲಿರುಬಿನ್ ಒಂದೇ ತುಸು ಏರಿ, ತಾನಾಗಿ ಇಳಿಯುವುದುಂಟು. ಅದು ಲಿವರಿಗೆ ಏಟು ಬಿದ್ದ ಲೆಕ್ಕವಲ್ಲ. ತಮ್ಮನದು ಹಾಗಿರಲಿಲ್ಲ.

ನಿಜವಾದ ಪರೀಕ್ಷೆ ಶುರುವಾದದ್ದು ಮಾತ್ರೆ ನಿಲ್ಲಿಸಿದ ಮೇಲೆ. ಹತ್ತೇ ದಿನಕ್ಕೆ ಅವನಿಗೆ ಹಸಿವು ಮರಳಿತು, ಮುಖಕ್ಕೆ ಕಳೆ ಬಂತು. ಕೆಮ್ಮಂತೂ ಮೊದಲೇ ನಿಂತಿತ್ತು. “ಗುಣವಾಯಿತಲ್ಲ, ಇನ್ನು ಆ ವಿಷ ಯಾಕೆ? ಊರಿಗೆ ಬಾ, ಕಿರುನೆಲ್ಲಿ ಅರೆದು ಕೊಡುತ್ತೇನೆ, ಪಥ್ಯ ಮಾಡಿದರೆ ಆಯಿತು” ಎಂದು ಅಮ್ಮ. ಅವನೂ ಬಟ್ಟೆ ಚೀಲಕ್ಕೆ ತುಂಬಿಯೇಬಿಟ್ಟ. ಅಮ್ಮನ ಮಾತಿನಲ್ಲಿ ತರ್ಕ ಇತ್ತು, ಅದೇ ಕಷ್ಟ. ಮಾತ್ರೆ ನುಂಗಿದಾಗ ಕಾಯಿಲೆ, ಬಿಟ್ಟಾಗ ಆರಾಮ ಎಂದು ಕಣ್ಣೆದುರೇ ಕಂಡವನಿಗೆ ಎದೆಯೊಳಗೆ ಅರೆಜೀವವಾಗಿ ಉಳಿದ ಕ್ರಿಮಿಯನ್ನು ತೋರಿಸುವುದು ಹೇಗೆ? ಅರ್ಧಕ್ಕೆ ಬಿಟ್ಟರೆ ಕ್ಷಯ ಮರಳುತ್ತದೆ, ಮರಳುವಾಗ ಈ ಔಷಧಗಳಿಗೇ ಬಗ್ಗದ ಕ್ಷಯವಾಗಿ ಬರಬಹುದು. ಮುಂಬಯಿಯಲ್ಲಿ ಇರುವವರಿಗೆ ಆ ಕ್ಷಯದ ಪರಿಚಯ ಬೇಕಾದಷ್ಟಿದೆ. ಅವನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಹಾಗೆಯೇ ಊರಿಗೆ ಹೋಗಿದ್ದ. ಆ ಹೆಸರೊಂದನ್ನು ನೆನಪಿಸಿದೆ. ತಮ್ಮ ಚೀಲ ಬಿಚ್ಚಿದ.

ಎಎಲ್‌ಟಿ ಎರಡು ಪಟ್ಟಿನ ಒಳಗೆ ಬಂದ ಮೇಲೆ ಔಷಧಗಳನ್ನು ಒಂದೊಂದಾಗಿ ಮರಳಿ ಕೊಟ್ಟರು. ಎಲ್ಲಕ್ಕಿಂತ ಮೊದಲು ಯಾವುದು ಗೊತ್ತೇ? ನಾವೆಲ್ಲ ಬಣ್ಣ ನೋಡಿ ಬೈಯುತ್ತಿದ್ದ ರಿಫಾಂಪಿಸಿನ್ನೇ! ನಾಲ್ಕರಲ್ಲಿ ಲಿವರಿಗೆ ಹೆಚ್ಚು ಕಾಟ ಕೊಡುವುದು ಪೈರಾಜಿನಮೈಡ್, ಆಮೇಲೆ ಐಸೋನಿಯಾಜಿಡ್. ರಿಫಾಂಪಿಸಿನ್ ಒಂದೇ ಆದರೆ ತೊಂದರೆ ಕಡಿಮೆ. ಐಸೋನಿಯಾಜಿಡ್ ಜೊತೆ ಸೇರಿದಾಗ ಅಪಾಯ ಏರುತ್ತದೆ. ಎಥಾಂಬುಟಾಲಿನಿಂದ ಲಿವರಿಗೆ ಅಂಥ ಭಯವಿಲ್ಲ. ಬಣ್ಣ ಹಾಕಿದವನು ರಿಫಾಂಪಿಸಿನ್, ಕದ್ದವನು ಬಹುಶಃ ಬೇರೆ. ‘ರಿಫಿಫಿ’ ಹೆಸರಿಗೆ ತಕ್ಕ ಕಥೆ. ಕೆಲವು ದಿನ ಬಿಟ್ಟು ರಕ್ತ ನೋಡಿ, ಆಮೇಲೆ ಐಸೋನಿಯಾಜಿಡ್ ಸೇರಿಸಿದರು. ಪೈರಾಜಿನಮೈಡನ್ನು ಮತ್ತೆ ಕೊಡಲೇ ಇಲ್ಲ. ಅದಕ್ಕೆ ಬೆಲೆಯಾಗಿ ಆರು ತಿಂಗಳು ಒಂಬತ್ತಾಯಿತು.

ನಾಲ್ಕೂ ಸೇರಿದ ಮಾತ್ರೆ ರೋಗಿಗೆ ಅನುಕೂಲ, ಒಂದನ್ನು ಆರಿಸಿ ಬಿಡಲು ಆಗುವುದಿಲ್ಲ, ನಾನು ಒಪ್ಪುತ್ತೇನೆ. ಆದರೆ ಕೆಟ್ಟಾಗ ಯಾವುದು ಕೆಡಿಸಿತೆಂದು ಬಿಡಿಸಲೂ ಆಗುವುದಿಲ್ಲ. ಬಿಡಿ ಮಾತ್ರೆಗಳಿಗಾಗಿ ನಾನು ಕಲ್ಯಾಣದಿಂದ ದಾದರಿನವರೆಗೆ ಮೆಡಿಕಲ್ ಅಂಗಡಿ ಅಲೆದ ಎರಡು ದಿನ ಯಾರಿಗೂ ಬೇಡ.

ಇನ್ನು ಅತ್ತೆ. ಜೀವಮಾನದಲ್ಲಿ ಒಂದು ತೊಟ್ಟು ಸಾರಾಯಿ ಮುಟ್ಟದವರು. ಸಕ್ಕರೆ ಕಾಯಿಲೆ, ಲಿವರಿನಲ್ಲಿ ಕೊಬ್ಬು, ಅದೇ ವರ್ಷಾನುಗಟ್ಟಲೆ ಬೆಳೆದು ಸಿರೋಸಿಸ್. ‘ಸಿರೋಸಿಸ್’ ಎಂದ ಕೂಡಲೆ ನೆಂಟರು ಒಂಥರಾ ನೋಡುವುದೇ ಅವರಿಗೆ ಕಾಯಿಲೆಗಿಂತ ದೊಡ್ಡ ಸಂಕಟ. ಒಂದು ಸಲ ಹಗಲೆಲ್ಲ ಮಲಗಿ, ರಾತ್ರಿ ಎರಡು ಗಂಟೆಗೆ ಎದ್ದು ದೇವರ ದೀಪ ಹಚ್ಚಲು ಬೆಂಕಿಪೆಟ್ಟಿಗೆ ಹುಡುಕುತ್ತಿದ್ದರು. ಮಗಳನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಅಂಗೈ ಮುಂದೆ ಚಾಚಿ ಹಿಡಿದರೆ ಹಕ್ಕಿ ರೆಕ್ಕೆ ಬಡಿದಂತೆ ನಡುಗುತ್ತಿತ್ತು. ವಯಸ್ಸಿನ ಮರೆವು ಎಂದುಕೊಳ್ಳುವುದು ಸುಲಭ. ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಅಮೋನಿಯದಂಥ ವಿಷಗಳನ್ನು ಲಿವರ್ ತೆಗೆಯಲಾರದೆ ಹೋದಾಗ ಅವು ಮಿದುಳಿಗೆ ಏರುತ್ತವೆ. ಲ್ಯಾಕ್ಟುಲೋಸ್ ಸಿರಪ್ಪಿನ ಜೊತೆ 550 ಮಿಲಿಗ್ರಾಂ ರಿಫಾಕ್ಸಿಮಿನ್, ದಿನಕ್ಕೆರಡು ಬಾರಿ ಕೊಟ್ಟರು. ಈ ‘ರಿಫಾ’ ರಕ್ತಕ್ಕೆ ಸೇರುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ, ಕರುಳಿನಲ್ಲೇ ಕೆಲಸ ಮಾಡಿ ಅಲ್ಲಿಂದಲೇ ಹೋಗುತ್ತದೆ. ಕ್ಷಯಕ್ಕೆ ಅದರಿಂದ ಉಪಯೋಗವಿಲ್ಲದಿರುವುದೂ ಅದಕ್ಕೇ. ಅಮೆರಿಕದಲ್ಲಿ ಮಿದುಳಿನ ಈ ತೊಂದರೆಗೆ ಇದನ್ನು ಕೊಡಲು ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಒಂದು ವಾರದಲ್ಲಿ ಅತ್ತೆ ಮಗಳನ್ನು ಸರಿಯಾದ ಹೆಸರಿನಿಂದ ಕರೆದು, ಸಾರಿಗೆ ಉಪ್ಪು ಕಡಿಮೆ ಎಂದು ಬೈದರು. ಉಪ್ಪು ಕಡಿಮೆ ಹಾಕುವುದು ಡಾಕ್ಟರ ಆಜ್ಞೆ ಎಂಬುದು ಅವರಿಗೆ ಇಂದಿಗೂ ಒಪ್ಪಿಗೆಯಿಲ್ಲ.

ತಮ್ಮ ಕೊನೆಯ ಮಾತ್ರೆ ನುಂಗಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆವು. ಅವನ ಡಬ್ಬಿ ಖಾಲಿಯಾಗಿದ್ದನ್ನು ನೋಡಿ ಅತ್ತೆ ಕೇಳಿದರು, “ಅಳಿಯಂದಿರೇ, ನನ್ನದು ಯಾವಾಗ ಮುಗಿಯುತ್ತದೆ?” ಇದು ಕೋರ್ಸಿನ ಮಾತ್ರೆಯಲ್ಲ, ನಡೆಯುತ್ತಲೇ ಇರುವುದು ಎಂದೆ. “ಹಾಗಾದರೆ ತಿಂಗಳಿಗೆ ಎಷ್ಟಾಗುತ್ತದೆ?” ಎಂದರು. ಬೆಲೆ ಹೇಳದೆ ಪಾಯಸದ ಬಟ್ಟಲು ತಮ್ಮನ ಕಡೆ ಸರಿಸಿದೆ.