ಗೇಟಿನಾಚೆಗಿನ ಆರು ಅಡಿ

ಮನೆಯೊಳಗೆ ಒಂದು ಟೈಲ್ಸ್ ಎದ್ದು ನಿಂತರೆ ಅದೇ ವಾರ ಮೇಸ್ತ್ರಿಯನ್ನು ಕರೆಸುತ್ತೇವೆ. ಮಕ್ಕಳ ಕಾಲಿಗೆ ತಾಗೀತು, ಹಿರಿಯರು ಎಡವಿಯಾರು ಎಂಬ ಕಾಳಜಿ. ಗೇಟು ದಾಟಿದರೆ ಅದು ಪುರಸಭೆಯ ಜಾಗ. ಅವರು ನೋಡಿಕೊಳ್ಳದಿದ್ದರೆ ಮಹಿಳೆಯರು ಏನು ಮಾಡುತ್ತಾರೆ? ಮೊದಲು ದಾರಿ ಬದಲಿಸುತ್ತಾರೆ. ಆಮೇಲೆ ಆಟೋ ಹಿಡಿಯುತ್ತಾರೆ. ಕೊನೆಗೆ ಹೋಗುವುದನ್ನೇ ಬಿಡುತ್ತಾರೆ.

ಹೀಗೆ ಬಿಟ್ಟವರಲ್ಲಿ ನನ್ನ ಅತ್ತೆಯೂ ಒಬ್ಬರು. ಎಪ್ಪತ್ತು ದಾಟಿದ ಅವರು ದಿನವೂ ಅಸರ್ ನಮಾಝಿನ ಬಳಿಕ ಎರಡು ಬೀದಿಯಾಚೆಗಿನ ತಂಗಿಯ ಮನೆಗೆ ನಡೆದು ಹೋಗುತ್ತಿದ್ದರು. ಕರಾವಳಿಯ ನಮ್ಮ ಪಟ್ಟಣಗಳಲ್ಲಿ ಫುಟ್‌ಪಾತ್ ಎಂದರೆ ಬಹುಪಾಲು ಚರಂಡಿಯ ಮೇಲೆ ಹಾಸಿದ ಕಾಂಕ್ರೀಟು ಚಪ್ಪಡಿಯೇ. ಹೂಳೆತ್ತಲು ಒಮ್ಮೆ, ಕೇಬಲ್ ಹಾಕಲು ಇನ್ನೊಮ್ಮೆ ಚಪ್ಪಡಿ ಎತ್ತುತ್ತಾರೆ. ತೆಗೆದವರು ಒಬ್ಬರು, ಮುಚ್ಚಬೇಕಾದವರು ಇನ್ನೊಬ್ಬರು. ಒಂದು ಮಳೆಗಾಲಕ್ಕೆ ಮುಂಚೆ ತೆಗೆದ ಎರಡು ಚಪ್ಪಡಿಗಳು ಮರಳಿ ಕೂರಲೇ ಇಲ್ಲ. ಜೋರು ಮಳೆಗೆ ಚರಂಡಿ ಉಕ್ಕಿದರೆ ನೆಲ ಯಾವುದು, ಗುಂಡಿ ಯಾವುದು ಎಂದು ತಿಳಿಯುವುದಿಲ್ಲ. ಪಕ್ಕಕ್ಕೆ ಸರಿದು ನಡೆದರೆ ಬೆನ್ನ ಹಿಂದೆಯೇ ಬಸ್ಸಿನ ಹಾರನ್. ಅತ್ತೆ ಹೊರಗೆ ಹೋಗುವುದನ್ನು ನಿಲ್ಲಿಸಿದರು. ಬಂದವರೊಡನೆ ‘ಮೊಣಕಾಲು ನೋವು’ ಎನ್ನುತ್ತಿದ್ದರು. ವೈದ್ಯರಾದರೋ ದಿನಾ ಸ್ವಲ್ಪ ನಡೆಯಿರಿ ಎಂದು ಹೇಳುತ್ತಲೇ ಇದ್ದರು. ಅವರನ್ನು ಮನೆಯಲ್ಲಿ ಕೂರಿಸಿದ್ದು ಮೊಣಕಾಲಲ್ಲ, ಆ ಎರಡು ಚಪ್ಪಡಿಗಳು.

ಇದು ಒಂದು ಮನೆಯ ಕತೆಯಲ್ಲ. ಮಗುವನ್ನು ಶಾಲೆಗೆ ಬಿಡುವುದು, ಪಡಿತರ ತರುವುದು, ಬಾಣಂತಿಯನ್ನು ನೋಡಿ ಬರುವುದು ಇವೆಲ್ಲ ಹೆಚ್ಚಾಗಿ ಹೆಂಗಸರು ನಡೆದೇ ಮಾಡುವ ಕೆಲಸಗಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸುಮಾರು ಐವರಲ್ಲಿ ಒಬ್ಬರು.

ಫುಟ್‌ಪಾತ್ ಹೇಗಿರಬೇಕೆಂಬುದಕ್ಕೆ ಲೆಕ್ಕವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ನಡೆಯಲು ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂದರೆ ಸುಮಾರು 6 ಅಡಿ ಇರಬೇಕು. ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಮೊಣಕಾಲು ನೋವಿರುವವರಿಗೆ ಒಂದೊಂದು ಇಂಚಿನ ಬೆಲೆಯೂ ಗೊತ್ತು! 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿ ನೀಡಿದ ಬದುಕುವ ಹಕ್ಕಿನದೇ ಭಾಗ ಎಂದಿತು. ವಿಕಲಚೇತನರೂ ಬಳಸುವಂತೆ ಅದು ಇರಬೇಕೆಂದೂ ಹೇಳಿತು. ಹಾಗಾಗಿ ಚಪ್ಪಡಿ ಕೇಳುವುದು ಯಾರ ಬಳಿಯೂ ಉಪಕಾರ ಬೇಡಿದಂತಲ್ಲ.

ಫಲಕಗಳ ವಿಷಯವೂ ಹೀಗೆಯೇ. ರಸ್ತೆ ಫಲಕಗಳಿಗೆ ತಮ್ಮದೇ ಭಾಷೆಯಿದೆ. ತ್ರಿಕೋನ ಎಚ್ಚರಿಸುತ್ತದೆ, ವೃತ್ತ ಆಜ್ಞೆ ಕೊಡುತ್ತದೆ, ಚೌಕ ಮಾಹಿತಿ ನೀಡುತ್ತದೆ. ನಮ್ಮ ಶಾಲೆಯ ತಿರುವಿನಲ್ಲಿ ‘ಮುಂದೆ ಶಾಲೆ ಇದೆ’ ಎನ್ನುವ ತ್ರಿಕೋನವೇನೋ ಇದೆ. ಆದರೆ ಅರ್ಧವನ್ನು ಬಾದಾಮಿ ಮರದ ಕೊಂಬೆ ಮುಚ್ಚಿದರೆ ಉಳಿದರ್ಧವನ್ನು ಯಾರದೋ ಅಭಿನಂದನೆಯ ಫ್ಲೆಕ್ಸ್ ಮುಚ್ಚಿತ್ತು. ಸಿಕ್ಕಸಿಕ್ಕಲ್ಲಿ ಜಾಹೀರಾತು ಅಂಟಿಸಿ ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾನೂನಿದೆ. ಕಾಣದ ಫಲಕ ಇದ್ದರೇನು, ಬಿಟ್ಟರೇನು?

ನಮ್ಮ ಬೀದಿಯ ಏಳೆಂಟು ಮಹಿಳೆಯರು ಸೇರಿ ಒಂದು ಅರ್ಜಿ ಬರೆದೆವು. ಜಾಗದ ಗುರುತಿಗೆ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ಗುಂಡಿಯ ಅಳತೆ, ಹಗಲಿನ ಒಂದು ಮತ್ತು ಮಳೆಯ ಹೊತ್ತಿನ ಒಂದು ಫೋಟೋ. ಕೊಟ್ಟದ್ದಕ್ಕೆ ಸ್ವೀಕೃತಿಯ ಮುದ್ರೆಯನ್ನೂ ಕೇಳಿ ಪಡೆದೆವು. ಮೊದಲ ಉತ್ತರ, ‘ಆ ರಸ್ತೆ ನಮ್ಮದಲ್ಲ, ಲೋಕೋಪಯೋಗಿ ಇಲಾಖೆಯದು’ ಎಂದು. ಇದು ಎಲ್ಲ ಊರುಗಳಲ್ಲೂ ಕೇಳಿಬರುವ ಮಾತು. ಒಂದೇ ಪೇಟೆಯಲ್ಲಿ ಒಂದು ರಸ್ತೆ ಪುರಸಭೆಯದು, ಇನ್ನೊಂದು ಲೋಕೋಪಯೋಗಿಯದು, ಮತ್ತೊಂದು ಹೆದ್ದಾರಿಯವರದು. ಯಾರದೆಂದು ಬರವಣಿಗೆಯಲ್ಲಿ ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಅದೇ ಅರ್ಜಿಯ ಪ್ರತಿಯನ್ನು ಆ ಕಚೇರಿಗೂ ಕೊಟ್ಟೆವು. ಎರಡು ತಿಂಗಳ ಬಳಿಕ ಚಪ್ಪಡಿಗಳು ಬಂದವು. ಫ್ಲೆಕ್ಸ್ ಕೂಡ ಹೋಯಿತು. ಕೊಂಬೆ ಮಾತ್ರ ಇನ್ನೂ ಇದೆ, ಎರಡನೆಯ ಅರ್ಜಿಯೂ ಹೋಗಿದೆ.

ಫುಟ್‌ಪಾತ್ ತೆರವುಗೊಳಿಸಿ ಎಂದೊಡನೆ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ಮೀನು, ಹಣ್ಣು ಮಾರುವ ಬಡವರ ಮೇಲೆ. ನಮ್ಮ ಅರ್ಜಿ ಅವರ ಹೊಟ್ಟೆಗೆ ಹೊಡೆಯಬಾರದೆಂದು ಅದನ್ನೂ ಅದರಲ್ಲೇ ಬರೆದಿದ್ದೆವು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಬೇಕೆನ್ನುತ್ತದೆ. ನಡೆಯುವವರಿಗೆ ಹೆಚ್ಚು ಅಡ್ಡಿಯಾಗುವುದು ಫುಟ್‌ಪಾತಿನ ಮೇಲೇರಿಸಿದ ಕಾರು, ತಿಂಗಳುಗಟ್ಟಲೆ ಸುರಿದಿಟ್ಟ ಜಲ್ಲಿ ಮತ್ತು ರಸ್ತೆಯವರೆಗೆ ಚಾಚಿದ ಅಂಗಡಿ ಮೆಟ್ಟಿಲು.

ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಪುಣ್ಯದ ಕೆಲಸವೆಂದು ನಮ್ಮ ಮಕ್ಕಳು ಮದರಸದಲ್ಲೇ ಕಲಿಯುತ್ತಾರೆ. ಮುಳ್ಳನ್ನು, ಕಲ್ಲನ್ನು ಕೈಯಿಂದ ಸರಿಸಬಹುದು. ನಾಲ್ಕಾಳು ಎತ್ತುವ ಚಪ್ಪಡಿಯನ್ನು ಮಾತ್ರ ಕಾಗದ ಮತ್ತು ಪೆನ್ನಿನಿಂದಲೇ ಸರಿಸಬೇಕು. ನಿಮ್ಮ ಮನೆಯಲ್ಲೂ ಇತ್ತೀಚೆಗೆ ಹೊರಗೆ ಹೋಗುವುದನ್ನು ಬಿಟ್ಟ ಹಿರಿಯರಿದ್ದರೆ, ಸಹೋದರಿಯರೇ, ಅವರ ಕಾಲಿನ ಜೊತೆಗೆ ಅವರ ದಾರಿಯನ್ನೂ ಒಮ್ಮೆ ಪರೀಕ್ಷಿಸಿ ನೋಡಿ.